ಅರಬ್ಬಿ ಸಮುದ್ರವನ್ನು ‘ಪರ್ವಾಗಿಲ್ಲ’ ಎಂದ ಅತ್ತೆ

ಅರಬ್ಬಿ ಸಮುದ್ರವನ್ನು ಜೀವನದಲ್ಲಿ ಮೊದಲ ಸಲ ನೋಡಿ, ಸೊಂಟಕ್ಕೆ ಕೈಕೊಟ್ಟು ನಿಂತು, ಎಡದಿಂದ ಬಲಕ್ಕೆ ಒಮ್ಮೆ ಕಣ್ಣಾಡಿಸಿ, ಬಾಡಿಗೆ ಮನೆ ನೋಡಲು ಬಂದವರ ಗತ್ತಿನಲ್ಲಿ ‘ಪರ್ವಾಗಿಲ್ಲ’ ಎಂದ ವ್ಯಕ್ತಿ ಈ ಭೂಮಂಡಲದಲ್ಲಿ ಒಬ್ಬರೇ. ಅದು ನನ್ನ ಸೋದರತ್ತೆ. ಸಮುದ್ರಕ್ಕೆ ಬೇಜಾರಾಗಿರಬೇಕು, ಪಾಪ. ಕೋಟ್ಯಂತರ ವರ್ಷದಿಂದ ಉಕ್ಕುತ್ತಾ ಬಂದು ಕೊನೆಗೆ ಕುಂದಲಹಳ್ಳಿಯ ಹೆಂಗಸೊಬ್ಬಳಿಂದ ಪಾಸ್ ಮಾರ್ಕು!

ಅತ್ತೆ ಎಂದರೆ ನಮ್ಮಪ್ಪನ ತಂಗಿ. ಹುಟ್ಟಿದ್ದು ಕಾಡುಗೋಡಿಯ ಆಚೆಗಿನ ಹಳ್ಳಿಯಲ್ಲಿ, ಕೊಟ್ಟಿದ್ದು ಕುಂದಲಹಳ್ಳಿಗೆ. ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಈಗ ಅವರದೇ ನಾಲ್ಕಂತಸ್ತಿನ ಕಟ್ಟಡವಿದೆ. ಅದರ ತುಂಬಾ ಬಾಡಿಗೆಗಿರುವ ಹುಡುಗ ಹುಡುಗಿಯರು. ಎಲ್ಲರಿಗೂ ಕೊರಳಲ್ಲಿ ಕಂಪನಿ ಪಟ್ಟಿ, ಕಿವಿಯಲ್ಲಿ ಇಯರ್‌ಫೋನು. ಎಲ್ಲರಿಗೂ ಅತ್ತೆ ‘ಆಂಟಿ’. ಎಲ್ಲರಿಗೂ ಅತ್ತೆ ಎಂದರೆ ಸ್ವಲ್ಪ ಭಯ.

ಭಯ ಏಕೆಂದರೆ ನೀರಿನ ವಿಷಯದಲ್ಲಿ ಅವಳದು ವಿಚಿತ್ರ ಹುಚ್ಚು. ನಮ್ಮ ಕಡೆ ನೀರು ಬರುವುದು ಆಕಾಶದಿಂದಲೂ ಅಲ್ಲ, ಭೂಮಿಯಿಂದಲೂ ಅಲ್ಲ, ಟ್ಯಾಂಕರಿನಿಂದ! ಟ್ಯಾಂಕರು ಬಂದು ನಿಂತಿತೆಂದರೆ ಅತ್ತೆ ಪೈಪಿನ ಬಾಯಿಗೆ ಕೈಯೊಡ್ಡುತ್ತಿದ್ದಳು.

“ಇದು ಎಲ್ಲಿ ನೀರಪ್ಪಾ?”

“ಬೋರ್ ನೀರು ಅಕ್ಕ.”

“ಸುಳ್ಳೇಳ್ಬೇಡ. ಬೋರ್ ನೀರು ಇಷ್ಟು ಬೆಚ್ಚಗೆ ಇರ್ತದಾ? ನಿನ್ನೆಯಿಂದ ಬಿಸಿಲಲ್ಲಿ ನಿಲ್ಸಿದ್ಯಾ!”

ಟ್ಯಾಂಕರಿನವನು ತಲೆ ಕೆರೆದುಕೊಳ್ಳುತ್ತಿದ್ದ. ನೆಲದಡಿಯ ಸಂಪು ತುಂಬಿದ ಮೇಲೂ ಅತ್ತೆ ಮುಚ್ಚಳ ಹಾಕಲು ಬಿಡುತ್ತಿರಲಿಲ್ಲ. ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಒಳಗಿನ ಕಪ್ಪು ನೀರನ್ನು ನೋಡುತ್ತಲೇ ಇರುತ್ತಿದ್ದಳು. ‘ಆಂಟಿ ಲೆವೆಲ್ ಚೆಕ್ ಮಾಡ್ತಾ ಇದಾರೆ, ಇವತ್ತು ಯಾರೂ ಬಟ್ಟೆ ಒಗೀಬೇಡಿ’ ಎಂದು ಬಾಡಿಗೆ ಮಕ್ಕಳು ವಾಟ್ಸಾಪಿನಲ್ಲಿ ಎಚ್ಚರಿಕೆ ಕಳಿಸಿಕೊಳ್ಳುತ್ತಿದ್ದರು.

ಇನ್ನು ಸೋಮವಾರದ ವಿಚಾರಣೆ. ಶನಿವಾರ, ಭಾನುವಾರ ಗೋಕರ್ಣ, ಮಲ್ಪೆ ಎಂದು ಓಡಿಹೋಗಿ, ಮೂಗಿನ ತುದಿ ಸುಟ್ಟುಕೊಂಡು ವಾಪಸು ಬಂದ ಮಕ್ಕಳನ್ನು ಅತ್ತೆ ಗೇಟಿನಲ್ಲೇ ಹಿಡಿದು ನಿಲ್ಲಿಸುತ್ತಿದ್ದಳು.

“ಏನೇನು ಆಡುದ್ರಿ?”

“ಬೋಟಲ್ಲಿ ಹೋದ್ವಿ ಆಂಟಿ. ಫೋಟೋ ತೆಗೆದ್ವಿ. ಸನ್‌ಸೆಟ್ ಸಕ್ಕತ್ತಾಗಿತ್ತು.”

“ಸೂರ್ಯ ಇಲ್ಲೂ ಮುಳುಗ್ತಾನೆ. ನೀರಿಗೆ ಎಷ್ಟು ಆಳಕ್ಕೆ ಇಳುದ್ರಿ, ಅದನ್ನೇಳಿ.”

“ಮೊಣಕಾಲವರೆಗೆ ಆಂಟಿ...”

“ಅಯ್ಯೋ! ಅದಕ್ಕೆ ಅಷ್ಟು ದೂರ ಯಾಕೋದ್ರಿ? ಇಲ್ಲೇ ಮಳೆ ಬಂದ್ರೆ ರೋಡಲ್ಲೇ ಅಷ್ಟು ನಿಲ್ತದಲ್ಲ!”

ಹೀಗಿರುವಾಗ ಕ್ರಿಸ್ಮಸ್ ರಜೆಯ ಹಿಂದಿನ ವಾರ ಅತ್ತೆಯ ಫೋನು. ನಾನು ಕಾಡುಗೋಡಿಯ ಶಾಲೆಯೊಂದರಲ್ಲಿ ಟೀಚರು. “ನಿಂಗೆ ರಜಾ ಯಾವಾಗ?” ಎಂದಳು. ಹೇಳಿದೆ. “ಸರಿ. ಸಮುದ್ರಕ್ಕೆ ಓಗಾನ” ಎಂದಳು. ಸೊಪ್ಪು ತರಲು ಹೋಗೋಣ ಎನ್ನುವಷ್ಟೇ ಸಲೀಸಾಗಿ!

ಕಾರು ನನ್ನದು, ಡ್ರೈವರೂ ನಾನೇ. ಅತ್ತೆಯ ಜೊತೆ ಮಾವ. ಮಾವನ ಬಗ್ಗೆ ಒಂದೇ ಮಾತು ಹೇಳಿದರೆ ಸಾಕು, ಬಕೆಟ್ಟು ತುಂಬಿ ನೀರು ಚೆಲ್ಲಿದರೂ ಎರಡು ಹೆಜ್ಜೆ ಹಿಂದಕ್ಕೆ ಸರಿಯುವ ಜೀವ. ಕೊಡೆ, ಟಾರ್ಚು, ಗ್ಲೂಕೋಸು, ಸಾಲದ್ದಕ್ಕೆ ಕುಡಿಯುವ ನೀರಿನ ದೊಡ್ಡ ಕ್ಯಾನು. ಸಮುದ್ರಕ್ಕೆ ಮನೆಯಿಂದ ನೀರು ಹೊತ್ತ ಮಹಾಪುರುಷರು! ನಾಗಸಂದ್ರ ದಾಟುವಷ್ಟರಲ್ಲೇ “ಇನ್ನೂ ಎಷ್ಟು ದೂರ?” ಶುರುವಾಯಿತು. ಮುಂದೆ ಹೊಳೆಗಳು ಬಂದವು. ಪ್ರತಿ ಸೇತುವೆಯ ಮೇಲೂ ಅತ್ತೆ “ನಿಧಾನ, ನಿಧಾನ” ಎನ್ನುತ್ತಾ ಕಿಟಕಿಯಿಂದ ಅರ್ಧ ಹೊರಗೆ. ಮಾವ “ಬೇಗ, ಬೇಗ” ಎನ್ನುತ್ತಾ ಕಣ್ಣು ಮುಚ್ಚಿಕೊಂಡು ಒಳಗೆ. ನಾನು ಯಾರ ಮಾತು ಕೇಳಲಿ?

ಹೊನ್ನಾವರದ ಕಡೆಯ ಒಂದು ಬೀಚಿನ ಪಕ್ಕ ರೂಮು ಮಾಡಿದ್ದೆ. ಮರುದಿನ ಬೆಳಿಗ್ಗೆ ಹೋಗಿ ನಿಂತಾಗಲೇ ಆ ಐತಿಹಾಸಿಕ ‘ಪರ್ವಾಗಿಲ್ಲ’ ಹೊರಬಿದ್ದದ್ದು.

ಸರಿ, ಸಮುದ್ರ ಸಾಲದಿದ್ದರೆ ಆಟಗಳಿವೆಯಲ್ಲ! ಮೊದಲು ಒಂಟೆ. ಅತ್ತೆ ಸೀರೆ ಸರಿಮಾಡಿಕೊಂಡು ರಾಣಿಯ ಹಾಗೆ ಹತ್ತಿ ಕೂತಳು. ನಾಲ್ಕು ಹೆಜ್ಜೆ ಹೋಗಿಲ್ಲ, “ನೀರೊಳಕ್ಕೆ ಓಡ್ಸಪ್ಪಾ” ಎಂದಳು.

“ಒಂಟೆ ನೀರಿಗೆ ಇಳಿಯಲ್ಲ ಅಮ್ಮಾ.”

“ಮತ್ತೆ ಇದನ್ನ ಇಲ್ಲಿಗೆ ಯಾಕೆ ಕರ್ಕೊಂಬಂದೆ?”

ಒಂಟೆ ಮತ್ತು ಒಂಟೆಯವನು ಮುಖ ಮುಖ ನೋಡಿಕೊಂಡರು. ಇಬ್ಬರಿಗೂ ಆವರೆಗೆ ಆ ಪ್ರಶ್ನೆ ಹೊಳೆದಿರಲಿಲ್ಲವೆಂದು ಕಾಣುತ್ತದೆ.

ಆಮೇಲೆ ಬನಾನಾ ಬೋಟು. ಬಾಳೆಹಣ್ಣಿನಾಕಾರದ ಗಾಳಿಚೀಲದ ಮೇಲೆ ಸಾಲಾಗಿ ಕೂರಿಸಿ, ಮೋಟಾರು ದೋಣಿಯಲ್ಲಿ ಎಳೆದುಕೊಂಡು ಹೋಗಿ, ಬೇಕೆಂದೇ ಮಗುಚಿ ನೀರಿಗೆ ಬೀಳಿಸುತ್ತಾರೆ. ಬಿದ್ದವರೆಲ್ಲ ಕಿರುಚಿದರು. ಅತ್ತೆ ಮಾತ್ರ ಲೈಫ್ ಜಾಕೆಟ್ಟಿನಲ್ಲಿ ತೇಲುತ್ತಾ ಸಿಡುಕು ಮುಖದಲ್ಲಿ ದಡಕ್ಕೆ ಬಂದಳು. “ಇದನ್ನ ಕಟ್ಕೊಂಡು ಬಿದ್ರೆ ನೀರಿಗೆ ಬಿದ್ದಂಗಾ? ಮೂಟೆ ಬಿದ್ದಂಗಾಯ್ತು!”

ಕೊನೆಗೆ ಪ್ಯಾರಾಸೇಲಿಂಗು. ದೋಣಿ ಎಳೆಯುತ್ತಿದ್ದ ಹಾಗೆ ಬಣ್ಣದ ಪ್ಯಾರಾಚೂಟಿಗೆ ಜೋತುಬಿದ್ದ ಅತ್ತೆ ಗಾಳಿಪಟದಂತೆ ಮೇಲೇರಿದಳು. ಕೆಳಗೆ ಮಾವ ಕೊಡೆ ಬಿಚ್ಚಿ ಬೀಸುತ್ತಾ, “ಇಳ್ಸ್ರೋ! ಮನೇ ಬೀಗದ ಕೈ ಅವಳತ್ರ ಐತೆ!” ಎಂದು ಕೂಗಿದರು. ಇಳಿಸುವ ಮುಂಚೆ ಹುಡುಗರು ಅವಳ ಕಾಲನ್ನು ತಮಾಷೆಗೆ ಒಮ್ಮೆ ನೀರಿಗೆ ಅದ್ದಿ ಮೇಲೆತ್ತಿದರು. ದಡಕ್ಕೆ ಬಂದವಳೇ ಅವರನ್ನು ಕೇಳಿದಳು. “ಮೇಲೆ ಆರ್ಸೋದು ಬ್ಯಾಡ. ಬರೀ ಅದ್ದೋದು ಮಾಡ್ತೀರೇನ್ರಪ್ಪಾ?” ಅದಕ್ಕೆ ಅವರಲ್ಲಿ ಟಿಕೆಟ್ಟಿರಲಿಲ್ಲ.

ಸಂಜೆ ಮರಳಿನ ಮೇಲೆ ಕೂತೆವು. ಮಾವ ಕಡಲೆಕಾಯಿ ಬಿಡಿಸಿ ಕೊಟ್ಟರು. ಅತ್ತೆ ಅಂಗೈಯಲ್ಲಿ ಹಾಗೇ ಇಟ್ಟುಕೊಂಡಳು. ನನಗೂ ತಾಳ್ಮೆ ಕೆಟ್ಟಿತ್ತು.

“ಅತ್ತೆ, ನಿಂಗೆ ಏನು ಬೇಕು ಹೇಳು. ಎಲ್ಲಾ ಆಟ ಆಡಿಸಿದ್ದಾಯ್ತು.”

ಅವಳು ಅಲೆಗಳ ಕಡೆ ಗಲ್ಲ ಎತ್ತಿ ತೋರಿಸಿದಳು. “ಇದು ಒಂದ್ಗಳಿಗೆನೂ ಸುಮ್ಕಿರಲ್ಲ ಕಣೇ. ನಂಗೆ ನಿಂತ ನೀರು ಬೇಕಾಗಿತ್ತು.”

ನಿಂತ ನೀರು ಎಂದರೆ ಹಿನ್ನೀರು. ಹೊಳೆ ಸಮುದ್ರ ಸೇರುವ ಮುಂಚೆ ಹರಡಿಕೊಂಡು ಅಲೆಯಿಲ್ಲದೆ ಮಲಗಿರುವ ಜಾಗ. ಮರುದಿನ ಬೆಳಿಗ್ಗೆ ಅಲ್ಲಿಗೆ ಹೊರಟೆವು. ಹೊರಡುವಾಗ ಅತ್ತೆ ನನ್ನದೊಂದು ಚೂಡಿದಾರ ಕೇಳಿ ಹಾಕಿಕೊಂಡಳು. ದೋಣಿ ಹತ್ತಲು ಸುಲಭವಾಗಲಿ ಎಂದಿರಬೇಕು, ನಾನೇನೂ ಕೇಳಲಿಲ್ಲ. ಮಾವ ಮಾತ್ರ ಅವಳನ್ನು ನೋಡಿ, “ಯಾರಮ್ಮಾ ಇವ್ರು?” ಎಂದರು.

ಅಲ್ಲಿ ಮೊದಲಿಗೆ ಕಾಂಡ್ಲಾ ಕಾಡು. ಉಪ್ಪುನೀರಿನಲ್ಲಿ ಬೇರೂರಿ ನಿಂತ ಮರಗಳ ನಡುವೆ ಮರದ ಹಲಗೆಯ ದಾರಿ ಮಾಡಿದ್ದಾರೆ. ಮಾವನಿಗೆ ಅದು ಎಷ್ಟು ಹಿಡಿಸಿತೆಂದರೆ, “ಪ್ರವಾಸಿ ಸ್ಥಳ ಅಂದ್ರೆ ಇದು ನೋಡು! ಎರಡೂ ಕಡೆ ಕಂಬಿ ಐತೆ!” ಎಂದು ಅತ್ತಿತ್ತ ಓಡಾಡಿದರು. ಅಲ್ಲಿಂದ ಅವರನ್ನು ಕಿತ್ತು ದೋಣಿಯಲ್ಲಿ ಕೂರಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು.

ದೋಣಿಯವರು ನಡುವಯಸ್ಸಿನ ಮನುಷ್ಯ, ಮಾತು ಕಡಿಮೆ. ಹಿನ್ನೀರಿನ ನಡುವೆ ಒಂದು ಮರಳುದಿಬ್ಬದ ಪಕ್ಕ ದೋಣಿ ನಿಲ್ಲಿಸಿ, “ಇಲ್ಲಿ ಎದೆಮಟ್ಟ ಅಷ್ಟೇ. ಇಳಿಯೋರು ಇಳೀಬಹುದು. ಜಾಕೆಟ್ ತೆಗೀಬೇಡಿ” ಎಂದರು.

ಅತ್ತೆ ಲೈಫ್ ಜಾಕೆಟ್ಟಿನ ಬಕಲ್ಲು ಬಿಚ್ಚತೊಡಗಿದಳು.

“ಅಮ್ಮಾ, ತೆಗೀಬೇಡಿ ಅಂದೆ. ನಿಮಗೆ ಈಜು ಬರ್ತದಾ?”

“ಬರ್ತಿತ್ತು” ಎಂದಳು ಅತ್ತೆ.

ಮಾವ ಜೋರಾಗಿ ನಕ್ಕರು. “ಇವಳಿಗೆ ಈಜಾ! ಸ್ಕೂಟರ್ ಇಂದೆ ಕೂತ್ರೆ ನನ್ನ ಅಂಗೀನೇ ಅರ್ದಾಕ್ತಾಳೆ, ಇವಳಿಗೆ ಈಜಂತೆ!” ಅತ್ತೆ ನಗಲಿಲ್ಲ. ದೋಣಿಯವರು ಅವಳ ಮುಖವನ್ನೇ ಒಂದು ಕ್ಷಣ ನೋಡಿ, ತಾವೇ ನೀರಿಗಿಳಿದು ನಿಂತರು. “ನಾನು ಪಕ್ಕದಲ್ಲೇ ಇರ್ತೇನೆ. ಸಾಕು ಅನ್ನಿಸಿದ್ರೆ ಕೈ ಹಿಡ್ಕೊಳ್ಳಿ” ಎಂದರು.

ಅತ್ತೆ ಜಾಕೆಟ್ಟು ಕಳಚಿಟ್ಟು ಇಳಿದಳು. ಉಸಿರು ಎಳೆದುಕೊಂಡು ಮುಂದಕ್ಕೆ ಬಾಗಿದಳು. ಮುಳುಗಿದಳು! ಮಾವ ದಡಬಡ ಎದ್ದು ನಿಂತರು. ದೋಣಿ ಓಲಾಡಿತು. ದೋಣಿಯವರು ರಟ್ಟೆ ಹಿಡಿದು ಎತ್ತಿದಾಗ ಅತ್ತೆ ಕೆಮ್ಮುತ್ತಿದ್ದಳು. ಮೂಗಿನಿಂದ ನೀರು.

“ಸಾಕು ಬಾರೇ! ನನ್ನಾಣೆ, ಮೇಲೆ ಬಾ!” ಎಂದು ಮಾವ ಕೂಗಿದರು.

ಅವಳು ಬರಲಿಲ್ಲ. ಎದೆಮಟ್ಟದ ನೀರಿನಲ್ಲಿ ಸುಮ್ಮನೆ ನಿಂತಿದ್ದಳು. ಟ್ಯಾಂಕರಿನವರನ್ನು ನಡುಗಿಸುವ ಹೆಂಗಸಿನ ಮುಖದಲ್ಲಿ ಹೆದರಿಕೆಯನ್ನು ನಾನು ಕಂಡದ್ದು ಅದೇ ಮೊದಲು. “ಮರ್ತೋಗೈತೆ ಕಣೇ” ಎಂದಳು, ನನ್ನ ಕಡೆ ನೋಡದೆ.  ‘ಹೋಗಲಿ ಬಿಡು’ ಎಂಬ ಮಾತು ನನ್ನ ಬಾಯಿತನಕ ಬಂದಿತ್ತು. ಹೇಳಲಿಲ್ಲ, ಸದ್ಯ!

ಏಕೆಂದರೆ ಅತ್ತೆ ಮತ್ತೆ ಬಾಗಿದಳು. ಈ ಸಲ ಕತ್ತನ್ನು ನೀರಿನಿಂದ ಮೇಲೆತ್ತಿ ಹಿಡಿದು, ಎರಡೂ ಕೈಯಿಂದ ನೀರನ್ನು ಪಕ್ಕಕ್ಕೆ ತಳ್ಳಿ, ಕಾಲನ್ನು ಕಪ್ಪೆಯ ಹಾಗೆ ಮಡಿಚಿ ಬಿಟ್ಟಳು. ನೋಡಲು ಚಂದವೇನೂ ಇರಲಿಲ್ಲ. ಆದರೆ ಮುಂದೆ ಹೋದಳು! ದೋಣಿಯವರು ಪಕ್ಕದಲ್ಲೇ ನಡೆಯುತ್ತಾ ಹೋದರು, ಆಮೇಲೆ ನಡೆಯುವುದನ್ನು ನಿಲ್ಲಿಸಿದರು. ಅತ್ತೆ ದಿಬ್ಬವನ್ನು ಸುತ್ತು ಹಾಕಿ, ಬೆನ್ನ ಮೇಲೆ ಹೊರಳಿ, ಕೈ ಚಾಚಿ ತೇಲುತ್ತಾ ಮಲಗಿಬಿಟ್ಟಳು. ತುರುಬು ಬಿಚ್ಚಿ ನರೆಗೂದಲು ನೀರಿನ ಮೇಲೆ ಹರಡಿತು. ಮಾವ ನಿಂತಲ್ಲೇ ಕುಸಿದು ಕೂತು ನನ್ನನ್ನು ಕೇಳಿದರು. “ಯಾವಾಗಮ್ಮಾ ಕಲ್ತಳು ಇವಳು?” ನನಗೇನು ಗೊತ್ತು?

ನೀರು ಏರುವ ಹೊತ್ತಾಯಿತೆಂದು ದೋಣಿಯವರು ಕರೆದ ಮೇಲೆ ಅತ್ತೆ ಹತ್ತಿ ಬಂದಳು. ಹಲ್ಲು ಕಟಕಟ ಎನ್ನುತ್ತಿತ್ತು, ನಗು ಮಾತ್ರ ನಿಲ್ಲುತ್ತಿರಲಿಲ್ಲ. ಆಮೇಲೆ ಹೇಳಿದಳು. ತವರಿನ ತೋಟದಲ್ಲಿ ಮೆಟ್ಟಿಲಿಳಿಯುವ ದೊಡ್ಡ ಬಾವಿಯಿತ್ತಂತೆ. ನಮ್ಮಪ್ಪ ಅವಳ ಸೊಂಟಕ್ಕೆ ಹಗ್ಗ ಕಟ್ಟಿ ಈಜು ಕಲಿಸಿದನಂತೆ. ಒಂದು ದಿನ ಹೇಳದೆ ಕೇಳದೆ ಹಗ್ಗ ಬಿಟ್ಟುಬಿಟ್ಟನಂತೆ. ಇವಳು ಬಾವಿಯನ್ನು ಪೂರಾ ಸುತ್ತಿ ಬಂದಳಂತೆ. ಆ ಬೇಸಿಗೆ ಮುಗಿಯುವುದರೊಳಗೆ ದೊಡ್ಡವಳಾದಳು. ಇನ್ನು ನೀರಿಗಿಳಿಯಬೇಡ ಎಂದರು ಮನೆಯಲ್ಲಿ. ಅಲ್ಲಿಗೆ ಮುಗಿಯಿತು. ಆ ಬಾವಿಯ ಜಾಗದಲ್ಲಿ ಈಗ ಯಾರದೋ ಕಾರು ನಿಲ್ಲುತ್ತದೆ.

“ನಮ್ಮನೆಗೆ ಬಂದ್ಮೇಲೆ ಒಂದ್ಸಲನಾದ್ರೂ ಏಳ್ಬೋದಿತ್ತಲ್ಲೇ” ಎಂದರು ಮಾವ.

“ಏಳಿದ್ರೆ? ಸೊಸೆನ ಕೆರೇಲಿ ಈಜಕ್ಕೆ ಬಿಡ್ತಿದ್ರಾ ನಿಮ್ಮವ್ವ?”

ಮಾವ ನಿಜವಾಗಿಯೂ ಯೋಚಿಸಿದರು. “ಇಲ್ಲ” ಎಂದರು. ಆಮೇಲೆ ಹೆಗಲ ಮೇಲಿದ್ದ ಟವೆಲ್ಲು ತೆಗೆದು, ನಾನು, ದೋಣಿಯವರು ಎಲ್ಲ ಇದ್ದೇವೆಂಬುದನ್ನೂ ಮರೆತು, ಅವಳ ತಲೆ ಒರೆಸತೊಡಗಿದರು.

ನಮ್ಮಪ್ಪನಿಗೆ ಈಜು ಬರುತ್ತಿತ್ತೆಂದು ನನಗೆ ತಿಳಿದದ್ದು ಆ ದೋಣಿಯಲ್ಲಿ. ಅಪ್ಪ ತೀರಿಕೊಂಡು ಆಗಲೇ ವರ್ಷವಾಗಿತ್ತು. ಟವೆಲ್ಲಿನ ಒಳಗಿನಿಂದ ಅತ್ತೆಯ ದನಿ ಕೇಳಿಸಿತು, ಮುಖ ಕಾಣಿಸುತ್ತಿರಲಿಲ್ಲ.

“ನಿಮ್ಮಪ್ಪ ಇದ್ದಿದ್ರೆ ಈಗ್ಲೇ ಫೋನ್ ಮಾಡ್ತಿದ್ದೆ ಕಣೇ. ಅಣ್ಣಾ, ನಂಗಿನ್ನೂ ಬರ್ತದೆ ಅಂತ.”