ಆನೆಗೆ ಶೇಕಡಾ ತೊಂಬತ್ತೈದು

ಸಂಖ್ಯಾಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದವನು ನಾನು. ಕಲಘಟಗಿಯ ನಮ್ಮ ಮನೆಯಲ್ಲಿ ಆ ಶಾಸ್ತ್ರದ ಮರ್ಯಾದೆ ಆಗಾಗ ಹೋಗುತ್ತಿರುತ್ತದೆ. ಕಾಕಾನ ಮಗ, ಅಂದರೆ ನನ್ನ ತಮ್ಮ, ಮತ್ತು ನಾನು ಕಂಪ್ಯೂಟರಿನಲ್ಲಿ ಒಂದು ಯುದ್ಧದ ಆಟ ಆಡುತ್ತೇವೆ. ದಾಳಿಗೆ ಮುಂಚೆ ಗೆಲ್ಲುವ ಸಾಧ್ಯತೆ ಶೇಕಡಾ ಎಷ್ಟೆಂದು ಅದು ತೋರಿಸುತ್ತದೆ. ಆಮೇಲೆ ತನಗೆ ಬೇಕಾದಂತೆ ಮಾಡುತ್ತದೆ.

ಈ ಸಲದ ಪಣ ದೊಡ್ಡದು. ಸೋತವನು ರವಿವಾರ ತಮ್ಮನ ತಾಯಿ, ನನ್ನ ಕಾಕುವಿನ ಜೊತೆ ಸೀರೆ ಖರೀದಿಗೆ ಹುಬ್ಬಳ್ಳಿಗೆ ಹೋಗಬೇಕು. ಕಾಕು ಅಂಗಡಿಯ ಗಾದಿಯ ಮೇಲೆ ಕುಳಿತರೆ ಸಂಜೆಯ ಬಸ್ಸಿಗೇ ಏಳುವುದು.

ಫಿರಂಗಿ

ಮೊದಲ ದಿನ ತಮ್ಮನ ಫಿರಂಗಿ ನನ್ನ ಬಿಲ್ಲುಗಾರನ ಮೇಲೆ ಬಂತು. ತೊಂಬತ್ತು ಎಂದಿತ್ತು. ಬಿಲ್ಲುಗಾರ ಉಳಿದ, ಫಿರಂಗಿ ಹೋಯಿತು.

"ಏ ಅಣ್ಣಾ, ಇದು ಅಗದಿ ಮೋಸ!"

"ಹತ್ತು ಸಲದಾಗ ಒಮ್ಮೆ ಸೋಲೂದು ಇದ್ದದ್ದ."

"ಹಂಗಾದ್ರ ಇನ್ನ ಒಂಬತ್ತು ಗೆಲುವು ನನ್ನವು!" ಎಂದು ಇನ್ನೊಂದನ್ನು ಕಳಿಸಿದ. ಅದೂ ಹೋಯಿತು.

ಬೆರಳು ಮಡಿಸಿ ಎಣಿಸಿ ಹೇಳಿದ: "ಚಲೋ ಆತು. ಮುಂದಿನ ಹತ್ತರಾಗಿನ ಸೋಲೂ ಈಗ ಸೋತು ಮುಗಿಸಿದೆ."

ಕುದುರೆ

ನಡುವೆ ಅವನು ಕಂಪ್ಯೂಟರಿನ ವಿರುದ್ಧ ಅಭ್ಯಾಸಕ್ಕೆ ಕುಳಿತ. ಸೋತಾಗ ಆಟವನ್ನು ಉಳಿಸಿಟ್ಟ ಹಂತಕ್ಕೆ ಹಿಂದಕ್ಕೊಯ್ದು ಅದೇ ದಾಳಿ ಮತ್ತೆ ಮಾಡಿದ. ಮತ್ತೆ ಸೋಲು. ಮುಖ ತೊಳೆದು ಬಂದ. ಸೋಲು. ಕೊನೆಗೆ ಮೊದಲು ಒಬ್ಬ ಕುದುರೆ ಸವಾರನನ್ನು ಬೇರೆ ಕಡೆ ಕಾದಾಡಲು ಕಳಿಸಿದ. ಸವಾರ ಸತ್ತ, ದಾಳಿ ಗೆದ್ದಿತು.

ನಾನು ವಿವರಿಸಿದೆ: ಆಟ ಮುಂದಿನ ಅಂಕಿಯನ್ನು ಮೊದಲೇ ಆರಿಸಿಟ್ಟಿರುತ್ತದೆ. ಯಾರು ಮೊದಲು ಕಾದಾಡುತ್ತಾರೋ ಅವರಿಗೆ ಅದು. ಕೆಟ್ಟ ಅಂಕಿ ಕುದುರೆಗೆ ಹೋಯಿತು.

ಬಳ್ಳೊಳ್ಳಿ ಸುಲಿಯುತ್ತಿದ್ದ ಕಾಕು ತಲೆ ಎತ್ತಿದರು. "ನಾ ದೃಷ್ಟಿ ತಗದು ಲಿಂಬಿಹಣ್ಣು ಒಗದ್ರ ನಗ್ತೀರಿ. ನೀವು ಕುದರಿ ಒಗದೀರಲ್ಲೋ!"

ಆನೆ

ಶನಿವಾರ ಸಂಜೆ. ತಮ್ಮನಿಗೆ ಉಳಿದದ್ದು ಗುಡ್ಡದ ಮೇಲೊಂದು ಕೋಟೆ, ಅದರಲ್ಲೊಬ್ಬ ಈಟಿಗಾರ. ಎದುರಿಗೆ ನನ್ನ ಆನೆ. ತೊಂಬತ್ತೈದು.

ಆದರೂ ಐದು ಉಳಿಯಿತಲ್ಲ. ನಾಚಿಕೆ ಬಿಟ್ಟು, ರಾಜಧಾನಿ ಕಾಯುತ್ತಿದ್ದ ಕುದುರೆಯನ್ನು ಮೊದಲು ಆಟವೇ ಇಟ್ಟಿದ್ದ ಕಾಡುಗಳ್ಳರ ಮೇಲೆ ಒಗೆದೆ. ಅದು ಗೆದ್ದುಬಿಟ್ಟಿತು! ಒಳ್ಳೆಯ ಅಂಕಿ ಅದರ ಪಾಲಾಯಿತು. ಆನೆ ಸತ್ತಿತು. ಈಟಿಗಾರ ನಿಧಾನವಾಗಿ ಇಳಿದು ಬಂದು ನನ್ನ ಖಾಲಿ ರಾಜಧಾನಿಯಲ್ಲಿ ಕುಳಿತ.

ಕಾಕು ಎರಡು ಕೈಚೀಲ ತಂದು ನನ್ನ ಮುಂದಿಟ್ಟರು.

"ತೊಂಬತ್ತೈದು ಇತ್ತರೀ ಕಾಕು," ಎಂದೆ.

"ಇರ್ಲಿ ಬಿಡೋ. ನೀ ಗೆದ್ದಿದ್ರೂ ನಿನ್ನ ಕರಕೊಂಡ ಹೋಗಾಕಿ ಇದ್ದೆ."

"ಯಾಕ್ರೀ?"

"ಅವಾ ಮೊದಲನೇ ಸೀರಿಗೇ ಚಲೋ ಐತಿ ಅಂದು ಹೊರಗ ಹೋಗಿ ನಿಂದರ್ತಾನ. ನೀ ಕಲತಾವ. ಅಂಗಡ್ಯಾಗಿನ ಎಲ್ಲಾ ಸೀರಿ ಇಳಿಸಿ, ಒಂದಕ್ಕೊಂದು ಹೋಲಿಸಿ ನೋಡಿ ಹೇಳ್ತಿ."