ಹನ್ನೊಂದು ಬಡಿತದ ಗಾಡಿ

ರಸೆಲ್ ಕಂಗಾಸ್ ಬೆಳಗ್ಗೆ ಎದ್ದವನು ಕಾಲುಚೀಲ ಹಾಕಿಕೊಳ್ಳುವುದಕ್ಕೂ ಮೊದಲು ಮಾಡುವ ಕೆಲಸ ಒಂದಿತ್ತು. ಅಡುಗೆಮನೆಯ ಕಿಟಕಿಗೆ ಕಟ್ಟಿದ ಮಂಜನ್ನು ಅಂಗೈಯಿಂದ ಒರೆಸಿ, ಹೊರಗೋಡೆಗೆ ಮೊಳೆ ಹೊಡೆದು ಕೂರಿಸಿದ್ದ ಥರ್ಮಾಮೀಟರ್ ನೋಡಿ, ಅಂಕಿಯನ್ನು ಕ್ಯಾಲೆಂಡರಿನಲ್ಲಿ ಬರೆಯುವುದು. ಬರೆದಾದ ಮೇಲೆ ಹೆಂಡತಿಗೆ ಸಾರಿ ಹೇಳುವುದು. ಆ ಚಳಿಯನ್ನು ತಾನೇ ರಾತ್ರಿಯೆಲ್ಲ ಎಚ್ಚರವಿದ್ದು ತಯಾರಿಸಿದವನ ಗತ್ತು ಆ ದನಿಯಲ್ಲಿ ಇರುತ್ತಿತ್ತು. ಮೂವತ್ತೊಂದು ವರ್ಷದಲ್ಲಿ ಒಂದು ದಿನವೂ ತಪ್ಪಿಸಿದವನಲ್ಲ. ಹೊಟ್ಟೆಯ ಆಪರೇಷನ್ ಆದ ದಿನ ಆಸ್ಪತ್ರೆಯಿಂದ ಫೋನ್ ಮಾಡಿ, ಇರ್ಮಾಳಿಂದ ಓದಿಸಿಕೊಂಡು, ನೋವಿನಲ್ಲೂ ನರ್ಸಿಗೆ ಸಾರಿದ್ದ.

ಫೆಬ್ರವರಿಯ ಆ ಶನಿವಾರ "ಸೊನ್ನೆಗಿಂತ ಒಂಬತ್ತು ಕೆಳಗೆ" ಎಂದವನು ಅಷ್ಟಕ್ಕೇ ಸುಮ್ಮನಾಗಲಿಲ್ಲ.

"ಇವತ್ತು ಮಧ್ಯಾಹ್ನ ಒಂದು ಗಂಟೆಯೊಳಗೆ, ಈ ವರ್ಷದ ಹೊಸ ಹಿಮಗಾಡಿಗಳಲ್ಲಿ ಯಾವುದು ಶ್ರೇಷ್ಠ ಅಂತ ನಾನು ತೀರ್ಪು ಕೊಡ್ತೀನಿ, ಇರ್ಮಾ. ಅಂದಾಜಿನ ಮಾತಲ್ಲ. ಶುದ್ಧ ವಿಜ್ಞಾನ."

ಇರ್ಮಾ ಏಲಕ್ಕಿ ಹಾಕಿದ ನಿಸು ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತ "ಹೂಂ" ಎಂದಳು. ನವೆಂಬರಿನಿಂದ ಅವಳು ಹೂಂ ಎನ್ನುತ್ತಲೇ ಇದ್ದಳು. ಮಿಷಿಗನ್ನಿನ ಉತ್ತರ ತುದಿಯ ಆ ಊರಿನಲ್ಲಿ ಚಳಿಗಾಲದ ಐದು ತಿಂಗಳು ಜನ ರಸ್ತೆಗಿಂತ ಹೆಚ್ಚಾಗಿ ಕಾಡಿನ ಹಿಮದಾರಿಗಳಲ್ಲೇ, ಬೈಕಿನಂತೆ ಕಾಲು ಹಾಕಿ ಕೂತು ಹಿಮದ ಮೇಲೆ ಓಡಿಸುವ ಇಂಥ ಗಾಡಿಗಳಲ್ಲಿ ಓಡಾಡುವುದು. ಹಾಗಾಗಿ ಗಂಡಸರು ಗಾಡಿಯ ಮಾತಾಡುವುದು ಹೊಸದೇನಲ್ಲ. ಆದರೆ ರಸೆಲ್‌ನದು ಮಾತಲ್ಲ, ಪಾರಾಯಣ. ಬೆಲೆಗೊಂದು ಪುಟ, ಎಂಜಿನ್ನಿಗೆ ಮೂರು ಪುಟ, ಕುಲುಕಾಟಕ್ಕೆ ಒಂಬತ್ತು ಪುಟ ಎಂದು ಒಂದು ನೋಟ್‌ಬುಕ್ಕನ್ನೇ ತುಂಬಿಸಿದ್ದ. ಊಟದ ಹೊತ್ತಿನಲ್ಲಿ ಟೂ ಸ್ಟ್ರೋಕ್, ಸೌನಾದ ಬಿಸಿಹಬೆಯಲ್ಲಿ ಬೆವರು ಒರೆಸಿಕೊಳ್ಳುತ್ತ ಫೋರ್ ಸ್ಟ್ರೋಕ್. ಕ್ರಿಸ್‌ಮಸ್ ಆರಾಧನೆಯಲ್ಲಿ ಪಾದ್ರಿಗಳು ಒಂದು ನಿಮಿಷ ಮೌನವಾಗಿ ಪ್ರಾರ್ಥಿಸೋಣ ಎಂದಾಗ, ಅವಳ ಕಿವಿಯ ಹತ್ತಿರ ಬಾಗಿ "ಎಂಟುನೂರ ಐವತ್ತು ಸಿಸಿ" ಎಂದು ಪಿಸುಗುಟ್ಟಿದ್ದ!

ಹಾಗೆಂದು ಗಾಡಿ ಕೊಳ್ಳುವುದು ಅವನೊಬ್ಬನ ಕೈಲಿರಲಿಲ್ಲ. ಚೆಕ್ಕಿಗೆ ಇಬ್ಬರ ಸಹಿಯೂ ಬೇಕಿತ್ತು. ನಾಲ್ಕು ಚಳಿಗಾಲದ ಹಿಂದೆ ಅವರ ಹಳೆಯ ಗಾಡಿ ಒಂದು ದಿಬ್ಬದ ಮೇಲೆ ಹಾರಿ, ಹಿಂದೆ ಕೂತಿದ್ದ ಇರ್ಮಾಳನ್ನು ಫರ್ ಮರದ ಕೆಳಗಿನ ಹಿಮದಲ್ಲಿ ನೆಟ್ಟು ಬಂದಿತ್ತು. ರಸೆಲ್ ಇನ್ನೂ ಕಾಲು ಮೈಲಿ ಅವಳೊಂದಿಗೆ ಮಾತಾಡುತ್ತಲೇ ಹೋಗಿದ್ದ. ಅಂದಿನಿಂದ ಅವಳು ಅವನ ಹಿಂದೆ ಕೂತಿಲ್ಲ. ಈಗ ಅವಳ ಷರತ್ತು ಒಂದೇ: ತನ್ನ ಬೆನ್ನು ಒಪ್ಪುವಂಥ ಗಾಡಿ ಯಾವುದೆಂದು ಅವನು ತೋರಿಸಬೇಕು, ಆಗ ಸಹಿ. ಇಲ್ಲವಾದರೆ ಹಳೆಯದಕ್ಕೇ ಹೊಸ ಸ್ಪ್ರಿಂಗ್ ಹಾಕಿಸಿಕೊಂಡು ತೆಪ್ಪಗಿರಬೇಕು.

"ಹಂಗಾದ್ರೆ ಸರೋವರಕ್ಕೆ ಬಾ. ಮೂರು ಗಾಡಿ ಮೇಲೂ ಒಂದೊಂದು ಸುತ್ತು ಹಿಂದೆ ಕೂತ್ಕೋ."

"ನಿನ್ನ ವಿಜ್ಞಾನಕ್ಕೆ ನನ್ನ ಬೆನ್ನೇ ಆಗ್ಬೇಕಾ?"

ಅಷ್ಟು ಹೇಳಿ ಅವಳು ಹೆಣಿಗೆಯ ಚೀಲವನ್ನೂ ಕಾಫಿಯ ಫ್ಲಾಸ್ಕನ್ನೂ ಎತ್ತಿಕೊಂಡಳು. ಸ್ವಲ್ಪ ಹೊತ್ತು ಎಲ್ಲಾದರೂ ಸದ್ದಿಲ್ಲದ ಕಡೆ ಕೂತು ಬರುತ್ತೇನೆ ಎಂದಳು. ರಸೆಲ್ ಕುಲುಕಾಟದ ಏಳನೇ ಪುಟದಲ್ಲಿದ್ದ. ಸದ್ದಿಲ್ಲದ ಕಡೆ ಎಂದರೆ ಚರ್ಚಿನ ಅಡುಗೆಮನೆ ಇರಬೇಕು ಎಂದುಕೊಂಡ. ಆರು ಹೆಂಗಸರು ಸೇರಿ ಮಾಂಸ, ಆಲೂಗಡ್ಡೆ ತುಂಬಿದ ಮುನ್ನೂರು ಪ್ಯಾಸ್ಟಿಗೆ ಹಿಟ್ಟು ನಾದುವ ಜಾಗವನ್ನು ಸದ್ದಿಲ್ಲದ ಕಡೆ ಎಂದುಕೊಳ್ಳಬೇಕಾದರೆ ಆ ಮನುಷ್ಯನ ಕಿವಿ ಎಲ್ಲಿತ್ತೋ ದೇವರಿಗೇ ಗೊತ್ತು.

ಹೆಪ್ಪುಗಟ್ಟಿದ ಸರೋವರದ ಮೇಲೆ ಆ ದಿನ ಜಾತ್ರೆಯಷ್ಟು ಜನ. ವರ್ಷಕ್ಕೊಮ್ಮೆ ಅಂಗಡಿಯವರು ಹೊಸ ಗಾಡಿಗಳನ್ನು ತಂದು ನಿಲ್ಲಿಸಿ, ಹತ್ತಿ ನೋಡಿ, ಓಡಿಸಿ ನೋಡಿ ಎನ್ನುವ ದಿನ ಅದು. ಅಂಗಡಿಯ ಬ್ರೆಂಡಾ ಗುಡಾರದ ಮುಂದೆ ಮೂರು ಗಾಡಿ ಸಾಲಾಗಿ ನಿಲ್ಲಿಸಿದ್ದಳು. ಕಿತ್ತಳೆ ಬಣ್ಣದ್ದು ಹಗುರ, ಆರುನೂರು ಸಿಸಿ, ಟೂ ಸ್ಟ್ರೋಕ್, ಹದಿಮೂರು ಸಾವಿರದ ಒಂಬೈನೂರು ಡಾಲರ್. ಬಿಳಿಯದು ಒಂಬೈನೂರು ಸಿಸಿ, ಫೋರ್ ಸ್ಟ್ರೋಕ್, ಹದಿನೈದು ಸಾವಿರದ ನಾನೂರು. ಕಪ್ಪನೆಯದು ಎಂಟುನೂರ ಐವತ್ತು ಸಿಸಿ, ದಾರಿ ನೋಡಿಕೊಂಡು ತಾನೇ ಬಿಗಿಯಾಗಿ ತಾನೇ ಸಡಿಲಾಗುವ ಷಾಕ್ ಅಬ್ಸಾರ್ಬರ್, ಹದಿನೆಂಟು ಸಾವಿರದ ಒಂಬೈನೂರು. ಕಪ್ಪನೆಯದರ ಮುಂದೆ ನಿಂತಾಗ ರಸೆಲ್ ತನಗೆ ಗೊತ್ತಿಲ್ಲದೆ ಟೋಪಿ ತೆಗೆದ.

ಈ ಬೆಲೆ ಒಂದು ಗಂಟೆಯವರೆಗೆ ಮಾತ್ರ, ಆಮೇಲೆ ಎಲ್ಲದಕ್ಕೂ ಸಾವಿರದ ಇನ್ನೂರು ಹೆಚ್ಚು ಎಂದು ಬ್ರೆಂಡಾ ಎಚ್ಚರಿಸಿದಳು. ಹಿಮದಾರಿ ಸಂಘದ ಅಧ್ಯಕ್ಷ ಕ್ಲೇಟನ್, ಪಕ್ಕದ ಮನೆಯವನು, ಕಾಫಿ ಕಪ್ಪು ಹಿಡಿದು ಬಂದ. ಸಂಘದ ಐದು ಮನೆಯವರು ರಸೆಲ್‌ನ ತೀರ್ಪು ಕೇಳಿಯೇ ಗಾಡಿ ಕೊಳ್ಳುವುದೆಂದು ಕಾದಿದ್ದಾರೆ ಎಂದ. ರಸೆಲ್‌ನ ಎದೆ ಕೋಟಿನ ಗುಂಡಿ ಕೀಳುವಷ್ಟು ಉಬ್ಬಿತು.

"ಇರ್ಮಾ ಬರಲಿಲ್ವಾ?"

"ಬರಲ್ಲ ಅಂದ್ಲು. ಅವಳ ಬದಲಿಗೆ ನನ್ನ ಮೀನಿನ ಗುಡಿಸಲು ಕಟ್ಕೊಂಡು ಎಳೀತೀನಿ."

"ಹೆಂಡ್ತಿ ಬದಲಿಗೆ ಗುಡಿಸಲಾ?"

"ಭಾರ ಭಾರವೇ ಅಲ್ವೇನಯ್ಯ. ಗುಡಿಸಲಾದ್ರೆ ದೂರು ಹೇಳಲ್ಲ."

ಮಂಜುಗಡ್ಡೆಗೆ ತೂತು ಕೊರೆದು, ಗಾಳಿ ತಾಗದಂತೆ ಒಳಗೆ ಕೂತು ಮೀನು ಹಿಡಿಯುವ ಇಂಥ ಗುಡಿಸಲುಗಳು ಸರೋವರದ ತುಂಬ ಇದ್ದವು. ರಸೆಲ್‌ನದು ಪ್ಲೈವುಡ್ಡಿನದು, ಹಸಿರು ಬಣ್ಣ, ಎರಡು ಜಾರುಹಲಗೆಗಳ ಮೇಲೆ, ಜಾತ್ರೆಯಿಂದ ದೂರದ ಮೂಲೆಯಲ್ಲಿ ಕೂತದ್ದು. ಗಾಡಿಯ ಹುಚ್ಚು ಹಿಡಿದ ಮೇಲೆ ಅವನು ಅತ್ತ ಹಾಯ್ದಿರಲಿಲ್ಲ. ಎಂಜಿನ್ನಿನ ಸದ್ದು ತಡೆಯಲು ಕಿವಿಗೆ ರಬ್ಬರ್ ಬೆಣೆ ತುರುಕಿ, ಹೆಲ್ಮೆಟ್ ಹಾಕಿ, ಕಿತ್ತಳೆ ಗಾಡಿಯನ್ನು ಗುಡಿಸಲಿನ ಮುಂದೆ ತಂದು ಕೊಕ್ಕೆ ಸಿಕ್ಕಿಸಿದ. ಬಾಗಿಲು ಹೊರಕ್ಕೆ ತೆರೆಯುವಂಥದ್ದು. ಹೋದ ವರ್ಷ ಜಾಗ ಬದಲಿಸುವಾಗ ಅದು ತೆರೆದುಕೊಂಡು ಒಂದು ಒಳ್ಳೆಯ ಕೆಟಲ್ ಸರೋವರದ ಪಾಲಾಗಿತ್ತು. ರಸೆಲ್ ಒಂದೇ ತಪ್ಪನ್ನು ಎರಡು ಸಲ ಮಾಡುವವನಲ್ಲ. ಗುಡಿಸಲಿನ ಸುತ್ತ ಹಗ್ಗವನ್ನು ಮೂರು ಸುತ್ತು ಬಿಗಿದು ಗಂಟು ಹಾಕಿದ. ಒಳಗೊಮ್ಮೆ ಇಣುಕಿದ್ದರೆ, ಪುಟ್ಟ ಗ್ಯಾಸ್ ಒಲೆಯ ಪಕ್ಕದಲ್ಲಿ, ಗಾಳಕ್ಕೆಂದು ತಂದ ಜೀವಂತ ಮೀನುಗಳ ಡಬ್ಬಿ ಇಟ್ಟುಕೊಂಡು ಕೂತು, ನವೆಂಬರಿನಿಂದಲೂ ಸಿಕ್ಕದಿದ್ದ ಮೌನದಲ್ಲಿ ತೂಕಡಿಸುತ್ತಿದ್ದ ಹೆಂಡತಿ ಕಾಣುತ್ತಿದ್ದಳು. ಅವನು ಇಣುಕಿದ್ದು ನೋಟ್‌ಬುಕ್ಕಿನೊಳಗೆ.

ಕಿತ್ತಳೆ ಗಾಡಿ ಜಿಗಿಯಿತು. ಗುಡಿಸಲೂ ಜಿಗಿಯಿತು. ಸರೋವರದ ಅಂಚಿನ ಉಬ್ಬುತಗ್ಗುಗಳ ಮೇಲೆ ಒಂದು ಸುತ್ತು ಹಾಕಿ ಗುಡಾರದ ಮುಂದೆ ನಿಲ್ಲಿಸಿ, ಇಳಿದು, ಡಾಕ್ಟರು ರೋಗಿಯ ಎದೆ ಮುಟ್ಟುವಂತೆ ಗುಡಿಸಲಿನ ಗೋಡೆಗೆ ಅಂಗೈ ಒತ್ತಿದ. ಸುತ್ತ ಇಪ್ಪತ್ತು ಎಂಜಿನ್ ಗುಡುಗುತ್ತಿದ್ದರಿಂದ ಯಾರಿಗೂ ಏನೂ ಕೇಳುವಂತಿರಲಿಲ್ಲ, ಇವನ ಕಿವಿಗಂತೂ ಬೆಣೆ. ಆದರೆ ಅಂಗೈಗೆ ತಿಳಿಯಿತು. ಒಳಗಿನಿಂದ ಡಬ್, ಡಬ್, ಡಬ್, ಡಬ್. ನಾಲ್ಕು.

ರಸೆಲ್‌ಗೆ ರೋಮಾಂಚನವಾಯಿತು. ಗಾಡಿ ನಿಂತ ಮೇಲೂ ಗುಡಿಸಲು ಬಡಿದುಕೊಳ್ಳುತ್ತಿದೆ! ಒಲೆಯಿಂದ ಇಳಿಸಿದ ಪಾತ್ರೆ ಇನ್ನೂ ಸ್ವಲ್ಪ ಹೊತ್ತು ಕುದಿಯುವುದಿಲ್ಲವೇ, ಹಾಗೆ ತಿಂದ ಕುಲುಕಾಟವನ್ನು ಗುಡಿಸಲು ಈಗ ಹೊರಹಾಕುತ್ತಿದೆ ಎಂಬ ಸಿದ್ಧಾಂತ ಅಲ್ಲೇ ನಿಂತ ಕಾಲಲ್ಲಿ ಹೊಳೆಯಿತು. ಜಗತ್ತಿನಲ್ಲಿ ಯಾರೂ ಇದುವರೆಗೆ ಅಳೆಯದಿದ್ದ ಅಳತೆ. 'ಉಳಿಕೆ ಕುಲುಕು' ಎಂದು ಹೆಸರಿಟ್ಟು, ಕಿತ್ತಳೆಯ ಮುಂದೆ ನಾಲ್ಕು ಎಂದು ಬರೆದ.

ಬಿಳಿ ಗಾಡಿ ಮೆಲ್ಲಗೆ ಹೊರಟಿತು, ಮೆಲ್ಲಗೆ ನಿಂತಿತು. ಚೆನ್ನಾಗಿದೆ ಎಂದು ಅವನ ಸೊಂಟ ಹೇಳಿತು. ಆದರೆ ವಿಜ್ಞಾನದಲ್ಲಿ ಸೊಂಟದ ಮಾತು ನಡೆಯುವುದಿಲ್ಲ. ಅಂಗೈ ಇಟ್ಟ. ಅಬ್ಬಬ್ಬ, ಏನು ಬಡಿತ! ಹನ್ನೊಂದು ಎಣಿಸಿದ. ಕೊನೆಯ ಮೂರಂತೂ ಗೋಡೆ ಸೀಳುವಷ್ಟು ಜೋರು. ಬಿಳಿಯದರ ಹೆಸರಿನ ಮೇಲೆ ಕೆಂಪು ಗೆರೆ ಎಳೆದ.

ಇನ್ನು ಕಪ್ಪು. ಹ್ಯಾಂಡಲ್ಲಿನ ಆಕ್ಸಿಲರೇಟರನ್ನು ಹೆಬ್ಬೆರಳಿನಿಂದ ಸ್ವಲ್ಪ ಒತ್ತಿದ್ದಷ್ಟೇ, ಗಾಡಿ ಬಿಲ್ಲಿನಿಂದ ಬಿಟ್ಟ ಬಾಣವಾಯಿತು. ಗುಡಿಸಲು ಹಿಂದೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಒಮ್ಮೆ ಪೂರಾ ಗಾಳಿಗೆ. ಜನ ಕಾಫಿ ಚೆಲ್ಲಿಕೊಂಡು ದಾರಿ ಬಿಟ್ಟರು. ನಿಲ್ಲಿಸಿ ಅಂಗೈ ಇಟ್ಟ. ಬಡಿತವಿಲ್ಲ. ಕಾದ. ಒಂದೂ ಇಲ್ಲ. ಬರಿ ಒಂದು ಸಣ್ಣ ಕಂಪನ, ಮುದ್ದಿಸಿಕೊಂಡ ಬೆಕ್ಕಿನ ಎದೆಯಲ್ಲಿರುವಂಥದ್ದು. ರಸೆಲ್‌ನ ಕಣ್ಣು ಒದ್ದೆಯಾಯಿತು. ಆಗ ಗಂಟೆ ಹನ್ನೆರಡೂ ಇಪ್ಪತ್ತು.

ಕಾಗದ ತೆಗಿ ಎಂದು ಬ್ರೆಂಡಾಳಿಗೆ ಹೇಳಿದ. ಚೆಕ್ಕಿಗೆ ಇರ್ಮಾಳ ಸಹಿಯೂ ಬೇಕಲ್ಲ ಎಂದು ಅವಳು ಕೈಸನ್ನೆ ಮಾಡಿದಳು. ಅಷ್ಟರಲ್ಲಿ ಚರ್ಚಿನ ಹೆಂಗಸರು ಬಿಸಿ ಪ್ಯಾಸ್ಟಿಯ ತಟ್ಟೆಗಳನ್ನು ಹೊತ್ತು ಬಂದರು. ಅವರ ನಡುವೆ ಇರ್ಮಾ ಇರಲಿಲ್ಲ. ಕೇಳಿದರೆ, ಬೆಳಗ್ಗಿನಿಂದ ಅಡುಗೆಮನೆಯ ಕಡೆಗೇ ಬಂದಿಲ್ಲವೆಂದು ಎಲ್ಲರೂ ತಲೆಯಾಡಿಸಿದರು. ಕನಸಿನ ಗಾಡಿ ಕಣ್ಣೆದುರಿಗಿದೆ, ಸಹಿ ಮಾಡುವ ಕೈ ಮಾತ್ರ ನಾಪತ್ತೆ! ರಸೆಲ್ ಒಂದು ಬೆಂಚಿನ ಮೇಲೆ ಹತ್ತಿ ನಾಲ್ಕೂ ದಿಕ್ಕಿಗೆ ಕಣ್ಣು ಹಾಯಿಸಿದ.

ಬೆಂಚು ಹತ್ತಿದ್ದನ್ನು ನೋಡಿ ತೀರ್ಪು ಬಂತೆಂದು ಜನ ಸೇರಿದರು. ಸರಿ, ಅದನ್ನಾದರೂ ಹೇಳೋಣ ಎಂದು ಅವನು ನೋಟ್‌ಬುಕ್ ಬಿಚ್ಚಿದ. ಅದೇ ಹೊತ್ತಿಗೆ ಪಾದ್ರಿ ನಿಯೆಮಿ ಊಟದ ಪ್ರಾರ್ಥನೆಗೆಂದು ಕೈ ಎತ್ತಿದರು. ಒಂದೊಂದಾಗಿ ಎಂಜಿನ್ನುಗಳು ಆರಿದವು, ಟೋಪಿಗಳು ಇಳಿದವು, ಸರೋವರವೆಲ್ಲ ನಿಶ್ಶಬ್ದವಾಯಿತು. ಕಿವಿಯಲ್ಲಿ ಬೆಣೆಯಿದ್ದ ಒಬ್ಬನಿಗೆ ಮಾತ್ರ ಇದು ತಿಳಿಯಲಿಲ್ಲ.

"ಕಪ್ಪು ಗಾಡಿ!" ಆ ಮೌನದಲ್ಲಿ ರಸೆಲ್ ಗರ್ಜಿಸಿದ. "ಒಂದೇ ಒಂದು ಬಡಿತ ಇಲ್ಲ. ಅದರ ಹಿಂದೆ ಕೂತೋರು ಸ್ವರ್ಗದಲ್ಲಿ ಕೂತ ಹಾಗೆ."

ಆಗ ಹಸಿರು ಗುಡಿಸಲೊಳಗಿನಿಂದ ಒಂದು ಭಕ್ತಿಗೀತೆ ತೇಲಿಬಂತು. ದನಿ ಸಣ್ಣದು, ಸ್ವಲ್ಪ ನಡುಗುತ್ತಿತ್ತು, ಆದರೆ ಸಾಲು ಬಿಡುತ್ತಿರಲಿಲ್ಲ. ಪಾದ್ರಿ ನಿಯೆಮಿ ಎತ್ತಿದ ಕೈಯನ್ನು ಎತ್ತಿದಲ್ಲೇ ಬಿಟ್ಟು ಮೂರನೇ ಸಾಲಿನವರೆಗೆ ಕೇಳಿದರು.

"ಇದು ಇರ್ಮಾ. ಮೂರನೇ ಸಾಲಲ್ಲಿ ಆರ್ಗನ್ನಿಗಿಂತ ಮುಂದೆ ಓಡೋರು ನಮ್ಮ ಸಭೇಲಿ ಬೇರೆ ಯಾರೂ ಇಲ್ಲ."

ಕ್ಲೇಟನ್ ಚಾಕು ತೆಗೆದು ಹಗ್ಗ ಕತ್ತರಿಸಿದ. ಬಾಗಿಲು ತೆರೆಯಿತು. ಇರ್ಮಾ ನೆಲದ ಮೇಲೆ, ಬೆಂಚಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಕಾಲು ಮೇಲೆ ಮಾಡಿ ಸಿಕ್ಕಿಕೊಂಡಿದ್ದಳು. ಹೆಣೆಯುತ್ತಿದ್ದ ಕಾಲುಚೀಲ ಕುತ್ತಿಗೆಗೆ ಸುತ್ತಿಕೊಂಡಿತ್ತು. ಟೋಪಿಯ ಮಡಿಕೆಯಲ್ಲಿ ಗಾಳಕ್ಕೆ ಸಿಕ್ಕಿಸುವ ಪುಟ್ಟ ಮೀನೊಂದು ಬಾಲ ಆಡಿಸುತ್ತಿತ್ತು. ಮೊದಲ ಎಳೆತಕ್ಕೇ ಒಲೆ ಆರಿಸಿದ್ದರಿಂದ ಬೇರೆ ಅನಾಹುತವೇನೂ ಆಗಿರಲಿಲ್ಲ. ನಾಲ್ಕು ಜನ ಸೇರಿ ಎತ್ತಿ ನಿಲ್ಲಿಸಿದರು. ರಸೆಲ್ ಬೆಣೆ ಕಿತ್ತು ಬೆಂಚಿನಿಂದ ಇಳಿದ. ಅವನ ಬಾಯಿಂದ ಬಂದದ್ದು ಇಷ್ಟೇ:

"ಸದ್ದಿಲ್ಲದ ಕಡೆ ಅಂದೆಯಲ್ಲ?"

"ಇತ್ತು, ಹನ್ನೊಂದು ಗಂಟೆವರೆಗೂ ಇತ್ತು," ಎಂದಳು ಇರ್ಮಾ. ಟೋಪಿಯ ಮೀನನ್ನು ತೆಗೆದು ಅವನ ಕೈಗೆ ಕೊಟ್ಟು, ಜನರ ಕಡೆ ತಿರುಗಿದಳು. "ಎರಡನೇ ಸಲ ಎಳೆದದ್ದು ಯಾವ ಗಾಡಿ?"

ಬಿಳಿಯದು ಎಂದು ಬ್ರೆಂಡಾ ಹೇಳಿದಳು. ಅದು ಹನ್ನೊಂದು ಬಡಿತದ್ದು, ಪ್ರಯೋಜನವಿಲ್ಲ ಎಂದು ರಸೆಲ್ ನೋಟ್‌ಬುಕ್ ತೋರಿಸಲು ಹೋದ. ಇರ್ಮಾ ಓದಿದಳು. ಉಳಿಕೆ ಕುಲುಕಿನ ಸಿದ್ಧಾಂತವನ್ನು ಸಮಾಧಾನದಿಂದ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಹೇಳಿದಳು:

"ಬಡಿದದ್ದು ನಾನು, ರಸೆಲ್. ಮೊದಲನೇದು ನಿಂತಾಗ ಕೈ ನಡುಗ್ತಿತ್ತು, ನಾಲ್ಕು ಸಲ ಬಡಿಯೋದ್ರಲ್ಲೇ ಸಾಕಾಯ್ತು. ಎರಡನೇದ್ರಲ್ಲಿ ಬೆಂಚಿನ ಮೇಲೆ ಆರಾಮಾಗಿ ಕೂತಿದ್ದೆ, ಒಂದು ಸಾಲು ಹೆಣೆದೆ ಕೂಡ. ಮೈಯಲ್ಲಿ ಶಕ್ತಿ ಇತ್ತು, ಹನ್ನೊಂದು ಬಡಿದೆ. ಮೂರನೇದ್ರಲ್ಲಿ ಬಡಿಯೋಣ ಅಂದ್ರೆ ಗೋಡೆ ಯಾವ ಕಡೆ ಇದೆ ಅಂತಾನೇ ತಿಳೀಲಿಲ್ಲ. ಇನ್ನು ದೇವರೇ ಗತಿ ಅಂತ ಹಾಡೋಕೆ ಶುರು ಮಾಡ್ದೆ."

ಸರೋವರ ನಕ್ಕಿತು. ಪಾದ್ರಿಗಳು ಪ್ರಾರ್ಥನೆಯ ಕೈಯನ್ನೇ ಬಾಯಿಗೆ ಅಡ್ಡ ಹಿಡಿದರು. ಕ್ಲೇಟನ್ ಮಂಜುಗಡ್ಡೆಯ ಮೇಲೆ ಕೂತೇಬಿಟ್ಟ. ನಕ್ಕು ಸುಸ್ತಾದ ಮೇಲೆ ಸಂಘದ ಐದು ಮನೆಯವರೂ ಇರ್ಮಾಳ ಸುತ್ತ ಮುತ್ತಿದರು. ತಿರುವಿನಲ್ಲಿ ಹೇಗಿತ್ತು, ಉಬ್ಬಿನ ಮೇಲೆ ಹೇಗಿತ್ತು, ಹೊರಡುವಾಗ ಎಳೆತ ಎಷ್ಟು ಎಂದು ಒಬ್ಬರಾದ ಮೇಲೊಬ್ಬರು ಕೇಳಿದರು. ಅವಳು ಪ್ಯಾಸ್ಟಿ ತಿನ್ನುತ್ತ ಒಂದೊಂದಕ್ಕೂ ತಾಳ್ಮೆಯಿಂದ ಉತ್ತರ ಕೊಟ್ಟಳು. ಸೀಟೂ ಇಲ್ಲದೆ ಸ್ಪ್ರಿಂಗೂ ಇಲ್ಲದೆ ಮೂರೂ ಗಾಡಿಗಳ ಗುಣವನ್ನು ನೇರವಾಗಿ ಮೂಳೆಯಿಂದಲೇ ಓದಿದ ಮತ್ತೊಬ್ಬರು ಆ ಜಿಲ್ಲೆಯಲ್ಲಿ ಯಾರಿದ್ದರು? ಮೂರು ಮನೆಯವರು ಅಲ್ಲೇ ಬಿಳಿ ಗಾಡಿಗೆ ಮುಂಗಡ ಕೊಟ್ಟರು. ರಸೆಲ್‌ನನ್ನು ಕೇಳಿದವರು ಒಬ್ಬರೇ, ಸಾಸ್ ಬಾಟಲಿ ಎಲ್ಲಿದೆ ಎಂದು.

ಒಂದು ಗಂಟೆಗೆ ಐದು ನಿಮಿಷವಿದ್ದಾಗ ಇರ್ಮಾ ಬಿಳಿ ಗಾಡಿಯ ಚೆಕ್ಕಿಗೆ ಸಹಿ ಹಾಕಿದಳು. ರಸೆಲ್ ಅವಳ ಹೆಸರಿನ ಕೆಳಗೆ ತನ್ನದನ್ನೂ ಹಾಕಿದ. ಕೀಲಿ ಕೊಡಲು ಬ್ರೆಂಡಾ ಅಭ್ಯಾಸದಂತೆ ಅವನ ಕಡೆ ಕೈ ಚಾಚಿ, ಅರ್ಧಕ್ಕೇ ತಿರುಗಿಸಿ ಇರ್ಮಾಳ ಕೈಗಿಟ್ಟಳು.

ಇರ್ಮಾ ಹೆಲ್ಮೆಟ್ ಹಾಕಿ ಮುಂದಿನ ಸೀಟಿನಲ್ಲಿ ಕೂತಳು. ಹಿಂದಿನ ಸೀಟಿನ ತುಂಬ ಚರ್ಚಿನ ಖಾಲಿ ತಟ್ಟೆಗಳನ್ನು ಕಟ್ಟಿಸಿಕೊಂಡಿದ್ದಳು. ಎಂಜಿನ್ ಮೃದುವಾಗಿ ಗುನುಗಿತು. ಅವಳು ಗಾಡಿಯನ್ನು ಅಳುಕಿಲ್ಲದೆ ಅರ್ಧ ಸುತ್ತು ತಿರುಗಿಸಿ, ಹಸಿರು ಗುಡಿಸಲಿನ ಮುಂದೆ ತಂದು ನಿಲ್ಲಿಸಿದಳು. ಕ್ಲೇಟನ್ ಹೇಳದೆಯೇ ಕೊಕ್ಕೆ ಸಿಕ್ಕಿಸಿದ.

"ಮನೆವರೆಗೂ ಒಂದೂವರೆ ಮೈಲಿ ಯಾಕೆ ನಡೀತೀಯ, ರಸೆಲ್? ಗುಡಿಸಲೊಳಗೆ ಕೂತ್ಕೋ, ಎಳ್ಕೊಂಡು ಹೋಗ್ತೀನಿ. ಒಳ್ಳೆ ಗಾಡಿ, ಹೆದರಬೇಡ."

ಕ್ಲೇಟನ್ ಕತ್ತರಿಸಿದ್ದ ಹಗ್ಗದ ತುಂಡುಗಳನ್ನು ಆಗಲೇ ಒಂದಕ್ಕೊಂದು ಗಂಟು ಹಾಕುತ್ತಿದ್ದ.

ರಸೆಲ್ ತೆರೆದ ಬಾಗಿಲನ್ನು ನೋಡಿದ. ಕ್ಲೇಟನ್‌ನ ಕೈಯಲ್ಲಿದ್ದ ಹಗ್ಗವನ್ನು ನೋಡಿದ. ಗಾಡಿಯ ಮೇಲೆ ನೆಟ್ಟಗೆ ಕೂತಿದ್ದ ಹೆಂಡತಿಯನ್ನು ನೋಡಿದ. ನೋಟ್‌ಬುಕ್ಕನ್ನು ಕೋಟಿನೊಳಗೆ ಸೇರಿಸಿ, ಟೋಪಿಯನ್ನು ಕಿವಿಯ ಕೆಳಗೆ ಎಳೆದುಕೊಂಡ.

"ಬೇಡ ಇರ್ಮಾ," ಎಂದ. "ನಾನು ನಡ್ಕೊಂಡೇ ಬರ್ತೀನಿ."