ಹಕೀಮರ ಚೀಟಿಯ ಮೊದಲ ಸಾಲು

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಜನ ಆಡಿಕೊಳ್ಳುತ್ತಿದ್ದರು. ಮೂಗಿನ ತುದಿಯಲ್ಲಿ ಇರುವುದು ನನ್ನ ಕನ್ನಡಕ, ಅಲ್ಲಿ ಇನ್ನೊಂದಕ್ಕೆ ಜಾಗವೆಲ್ಲಿ ಎಂದು ನಾನು ವಾದಿಸುತ್ತಿದ್ದೆ. ಆಗ ನಿಜಾಮರ ಸರಕಾರ. ಲಿಂಗಸೂಗೂರಿನ ಕಚೇರಿಯಲ್ಲಿ ನಾನು ಮುನ್ಷಿ. ದಿನವಿಡೀ ಉರ್ದು ಅರ್ಜಿಗಳನ್ನು ಓದುವುದೇ ಕೆಲಸ. ಅವುಗಳ ಮೊದಲ ಸಾಲಿನಲ್ಲಿ ಸಲಾಮು, ಹೊಗಳಿಕೆ ಬಿಟ್ಟರೆ ಏನೂ ಇರುತ್ತಿರಲಿಲ್ಲವಾದ್ದರಿಂದ ಎರಡನೆಯ ಸಾಲಿನಿಂದಲೇ ಓದುವ ಜಾಣತನ ನನಗೆ ಸಿದ್ಧಿಸಿತ್ತು. ಸಂಜೆ ಮನೆಗೆ ಬಂದರೆ ಚಹಾ ಸುಡುತ್ತದೆಂದು ಒಮ್ಮೆ, ಆರಿತೆಂದು ಇನ್ನೊಮ್ಮೆ ಕೂಗಾಡುತ್ತಿದ್ದೆ. ಸರಿಯಾಗಿ ಅದೇ ಹೊತ್ತಿಗೆ ಹೆಂಡತಿ ಗಂಗವ್ವನಿಗೆ ತಲೆನೋವು ಏಕೆ ಶುರುವಾಗುತ್ತದೆಂದು ಮಾತ್ರ ನನಗೆ ಹೊಳೆದಿರಲಿಲ್ಲ. "ಇದು ಹಿಂಗ ಇದ್ರ ನಾ ಬಳಗಾನೂರಿಗೆ, ನಮ್ಮ ತವರಿಗೆ ಹೋಗಾಕಿ ನೋಡ್ರಿ" ಎಂದು ಅವಳು ಒಂದು ದಿನ ಗಂಟು ಕಟ್ಟಿದಾಗ ನಿಜಕ್ಕೂ ಹೆದರಿದೆ. ಅವಳಿಲ್ಲದ ಮನೆ ನನಗೆ ಬೇಕಿರಲಿಲ್ಲ.

ಊರ ಹಕೀಮರ ಬಳಿ ಕರೆದುಕೊಂಡು ಹೋದೆ. ಅವರು ಅವಳ ನಾಡಿ ಹಿಡಿದು ನೋಡಿದರು. ಇಷ್ಟು ಹೊತ್ತು ಕಾಯಿಸಿದಿರೆಂದು ನಾನು ಎಬ್ಬಿಸಿದ ಗಲಾಟೆಯನ್ನೂ ಸಮಾಧಾನದಿಂದ ಕೇಳಿ, ಉರ್ದುವಿನಲ್ಲಿ ಚೀಟಿ ಬರೆದುಕೊಟ್ಟರು. ಮನೆಯಲ್ಲಿ ಓದಿದೆ: ದಿನವೂ ಬೆಳಿಗ್ಗೆ ಊರ ಹೊರಗೆ ಹವಾ ತಿನ್ನಬೇಕು.

"ಹವಾ ತಿನ್ನೂದಂದ್ರ? ರೊಟ್ಟಿ ಬ್ಯಾಡೇನ್ರಿ?"

"ಹೊಲದ ಕಡಿ ತಿರುಗ್ಯಾಡೂದಕ್ಕ ಉರ್ದುದಾಗ ಹಂಗಂತಾರ."

"ಒಬ್ಬಾಕಿ ಹೆಂಗ ಹೋಗ್ಲಿ? ನೀವೂ ಬರ್ರಿ."

ಹೀಗೆ ಅವಳ ಔಷಧಿಗೆ ನಾನು ಜೊತೆಯಾದೆ. ಎರಡು ದಿನ ಮುಳ್ಳಿಗೂ ಇಬ್ಬನಿಗೂ ಬೈದುಕೊಂಡೇ ನಡೆದೆ. ಮೂರನೆಯ ದಿನ ಕುಸುಬಿ ಹೂ ಬಿಟ್ಟ ಹೊಲದ ಬದುವಿನ ಮೇಲೆ ಕುಳಿತೆವು. ಜೋಳದ ತೆನೆಗಳ ಮೇಲೆ ಬಿಸಿಲು ಬೀಳುತ್ತಿತ್ತು. ಎಲ್ಲೋ ಒಂದು ಬೆಳವದ ಹಕ್ಕಿ ಕೂಗುತ್ತಿತ್ತು. ಅಲ್ಲಿ ಯಾರೂ ನನಗೆ ಸಲಾಮು ಮಾಡಲಿಲ್ಲ, ಅರ್ಜಿ ಚಾಚಲಿಲ್ಲ. ಎಷ್ಟೋ ವರ್ಷಗಳ ಮೇಲೆ ಮನಸ್ಸು ಹಗುರವಾಯಿತು.

"ಯಾಕ್ರೀ, ಸುಮ್ಮಕ ಕುಂತೀರಿ? ಆರಾಮ ಅದೀರಿಲ್ಲೋ?" ಎಂದು ಗಂಗವ್ವ ಗಾಬರಿಯಾದಳು.

ಆ ಸಂಜೆ ಆರಿದ ಚಹಾವನ್ನು ಗೊತ್ತಾಗದೆ ಕುಡಿದುಬಿಟ್ಟೆ.

ತಿಂಗಳೊಳಗೆ ಅವಳ ತಲೆನೋವು ಮಾಯ. ಕಟ್ಟಿದ ಗಂಟೂ ಬಿಚ್ಚಿತು. ಹಕೀಮರಿಗೆ ಶುಕ್ರಿಯಾ ಹೇಳಲು ಇಬ್ಬರೂ ಹೋದೆವು. "ಇಕಿಗೆ ನಿಮ್ಮ ಔಷಧ ಭಾಳ ಚಲೋ ಹತ್ತೈತ್ರಿ" ಎಂದೆ.

ಅವರು ಗಡ್ಡ ನೀವಿಕೊಂಡು ನಕ್ಕರು. "ಚೀಟಿ ಐತೇನ್ರಿ ಮುನ್ಷಿ ಸಾಬ್? ಒಮ್ಮಿ ಮ್ಯಾಲಿನಿಂದ ಓದ್ರಿ."

ಕಿಸೆಯಿಂದ ತೆಗೆದು, ಜೀವಮಾನದಲ್ಲಿ ಮೊದಲ ಬಾರಿಗೆ ಮೊದಲ ಸಾಲು ಓದಿದೆ: 'ಗಂಗವ್ವನವರ ತಲೆನೋವಿಗೆ, ಅವರ ಯಜಮಾನರು ಸೇವಿಸಬೇಕಾದ ಔಷಧಿ.'

ಗಂಗವ್ವ ಬಾಯಿಗೆ ಸೆರಗು ಹಿಡಿದಿದ್ದಳು, ಭುಜಗಳು ಕುಲುಕುತ್ತಿದ್ದವು. ಸಿಟ್ಟು ಬರಲೇಬೇಕಾದ ಗಳಿಗೆ. ಮೂಗಿನ ತುದಿ ಮುಟ್ಟಿ ನೋಡಿಕೊಂಡೆ. ಅಲ್ಲಿ ಕನ್ನಡಕ ಮಾತ್ರ ಇತ್ತು.